ಠಾಣೆಗೆ ಜೊತೆ ಹೋಗುವ ಶಾಹಿನಾ

ಬಂದ್ಯೋಡಿನ ಪೇಟೆ ಇನ್ನೂ ಕಣ್ಣುಜ್ಜುತ್ತಿದೆ. ಹಿಂದಿನ ಓಣಿಯ ಅಡುಗೆಮನೆಯಲ್ಲಿ ಶಾಹಿನಾ ಹೋಟೆಲಿಗೆ ಕೊಡುವ ಪತ್ತಿರ್ ಲಟ್ಟಿಸುತ್ತಿದ್ದಾಳೆ. ಅಕ್ಕಿಹಿಟ್ಟಿನ ಈ ತೆಳು ರೊಟ್ಟಿಯಿಂದಲೇ ಮನೆ ನಡೆಯಬೇಕು. ಬಾಗಿಲಲ್ಲಿ ನಿಂತ ತಮ್ಮ ಫಸಲ್ ಕೈಸನ್ನೆಯಲ್ಲಿ ಏನೋ ಕೇಳುತ್ತಾನೆ. ಉತ್ತರಿಸಲು ಇವಳಿಗೆ ಕೈ ಬಿಡುವಿಲ್ಲ.

"ಕೈ ತುಂಬ ಹಿಟ್ಟು ಉಂಟಲ್ಲ, ಈಗ ನಾನೇ ಮೂಗಿ" ಎಂದು ನಮ್ಮತ್ತ ನೋಡಿ ನಗುತ್ತಾಳೆ. ನಗು ಬಾಯಿಯಲ್ಲಷ್ಟೇ. ಕಾವಲಿಯ ಮೇಲೆ ಆಗಲೇ ಒಂದು ರೊಟ್ಟಿ ಸೀದಿದೆ.

ಸೀಯದೆ ಇನ್ನೇನು? ಇವತ್ತು ಕಾಸರಗೋಡಿನಲ್ಲಿ ಅದಾಲತ್. ಅಂಗವಿಕಲರ ದೂರು ಕೇಳುವ ಅಧಿಕಾರಿಯ ಮುಂದೆ, ತನಗೆ ಹೊಡೆದ ಪೊಲೀಸನ ಎದುರಲ್ಲೇ, ನಡೆದದ್ದನ್ನು ಫಸಲ್ ತಾನೇ ಹೇಳಬೇಕು. ಹೇಳದಿದ್ದರೆ ಫೈಲು ಮುಚ್ಚಿಹೋಗುತ್ತದೆ. ಆದರೆ ಆ ಪೆಟ್ಟು ಬಿದ್ದಂದಿನಿಂದ ಅವನು ಮನೆಯ ಹೊರಗೆ ಒಂದು ಸನ್ನೆಯನ್ನೂ ಮಾಡಿಲ್ಲ. ಹೊಸ್ತಿಲು ದಾಟಿದರೆ ಎರಡೂ ಕೈ ಪ್ಯಾಂಟಿನ ಕಿಸೆಯಲ್ಲಿ.

ಹುಟ್ಟಿನಿಂದಲೇ ಕಿವಿ ಕೇಳದ ಫಸಲ್ ಪೇಂಟಿಂಗ್ ಕೆಲಸದವನು. 2014ರಲ್ಲಿ ಅವನ ಸೈಕಲ್ ಕಳವಾಯಿತು. ಅಕ್ಕನಿಗಾಗಿ ಕಾಯದೆ ಒಬ್ಬನೇ ಠಾಣೆಗೆ ಹೋದ. ಈ ಮನೆಯ ಸನ್ನೆಯಲ್ಲಿ ಪೊಲೀಸ್ ಎಂದರೆ ಮೀಸೆ ತಿರುವುವುದು. ಹೆತ್ತ ಉಮ್ಮ ಮರಿಯುಮ್ಮ ಚಿಕ್ಕಂದಿನಲ್ಲಿ ಕಲಿಸಿದ್ದು. 'ಪೊಲೀಸರೇ, ನನ್ನ ಸೈಕಲ್ ಹೋಯಿತು' ಎನ್ನಲು ಹುಡುಗ ಪೊಲೀಸನ ಮುಖ ನೋಡಿ ಮೀಸೆ ತಿರುವಿದ. ಅಯ್ಯೋ ದೇವರೇ! ಠಾಣೆಯೊಳಗೆ ನಿಂತು ಮೀಸೆ ತಿರುವಿದರೆ ಬಿಡುತ್ತಾರೆಯೇ? ಕೆನ್ನೆಗೆ ಫಟೀರೆಂದು ಬಿತ್ತು. ಕುಡಿದು ಬಂದಿದ್ದಾನೆಂದು ಸಂಜೆಯವರೆಗೆ ಕೂರಿಸಿದ್ದು ಬೇರೆ.

"ಅವರಿಗೆ ಅದು ಪೊಗರು ಅಂತ ಕಂಡಿತು ಮಾರಾಯ್ರೆ. ಇವನು ಕರೆದದ್ದು ಅಷ್ಟೆ" ಎನ್ನುತ್ತಾಳೆ ಶಾಹಿನಾ.

ಆಮೇಲೆ ಅವಳು ಹತ್ತದ ಮೆಟ್ಟಿಲಿಲ್ಲ. ಪಂಚಾಯತಿನವರು ಬ್ಲಾಕಿಗೆ ಕಳಿಸಿದರು, ಬ್ಲಾಕಿನವರು ಕಲೆಕ್ಟರೇಟಿಗೆ. "ಸರ್ಟಿಫಿಕೇಟ್ ಉಂಟಾ ಅಂತ ಎಲ್ಲರೂ ಕೇಳಿದರು. ನೋವು ಉಂಟಾ ಅಂತ ಒಬ್ಬರೂ ಕೇಳಲಿಲ್ಲ." ಕೊನೆಗೆ ಕೈ ಹಿಡಿದದ್ದು ಅವಳಂತೆಯೇ ಅಲೆದು ಸುಸ್ತಾದ ಒಬ್ಬ ತಾಯಿ, ಪೈವಳಿಕೆಯ ಮೂಕಾಂಬಿಕಾ. ಆಕೆಯ ಮಗಳಿಗೂ ಕಿವಿ ಕೇಳದು. ಅದಾಲತ್ತಿನ ದಾರಿ ತೋರಿಸಿದ್ದು ಆಕೆಯೇ.

ಈಗ ಸುತ್ತಮುತ್ತ ಮಾತು ಬಾರದವರು ಯಾರೇ ಠಾಣೆಯಲ್ಲಿ ಸಿಕ್ಕಿಬಿದ್ದರೂ ಶಾಹಿನಾಳ ಮೊಬೈಲ್ ಬಡಿದುಕೊಳ್ಳುತ್ತದೆ. ಹಿಟ್ಟು ಮುಚ್ಚಿಟ್ಟು ಓಡುತ್ತಾಳೆ. ಓಡಿದವಳು ನೇರ ಬಾಯಿ ಹಾಕುವುದಿಲ್ಲ. ಮೊದಲು ಆ ಮನೆಯವರ ಸನ್ನೆ ಕಲಿಯುತ್ತಾಳೆ. "ಮೂಕಾಂಬಿಕಕ್ಕನ ಮನೆಯಲ್ಲಿ ಮೂಗು ಮುಟ್ಟಿದರೆ ಅಮ್ಮ, ಮೂಗುತಿ ಉಂಟಲ್ಲ! ನಮ್ಮಲ್ಲಿ ಅದು ಶೀತ."

ಮಧ್ಯಾಹ್ನ ಅದಾಲತ್ತಿನಲ್ಲಿ ಹೆಸರು ಕರೆಯುತ್ತಾರೆ. ಫಸಲನ ಕೈ ಕಿಸೆಯಿಂದ ಏಳುವುದೇ ಇಲ್ಲ. "ಹೊತ್ತಾಗುತ್ತಿದೆ, ನೀವೇ ಹೇಳಿಬಿಡಿ" ಎನ್ನುತ್ತಾರೆ ಅಧಿಕಾರಿ. ಶಾಹಿನಾಳಿಗೆ ನಾಲಿಗೆಯ ತುದಿಯಲ್ಲೇ ಎಲ್ಲ ಉಂಟು. ನುಂಗಿಕೊಳ್ಳುತ್ತಾಳೆ. "ಅವನೇ ಹೇಳುತ್ತಾನೆ ಸಾರ್."

ಅಷ್ಟರಲ್ಲಿ ಪೊಲೀಸ್ ಎದ್ದು ಅವಳತ್ತ ತಿರುಗುತ್ತಾನೆ. "ಗೊತ್ತಾಗದೆ ಆಯಿತು, ಕ್ಷಮಿಸಿ. ನಿಮ್ಮ ತಮ್ಮನಿಗೆ ಹೇಳಿ."

ಅಧಿಕಾರಿ ಫೈಲು ಮುಗಿಸಲು ಪೆನ್ನು ಎತ್ತಿಕೊಳ್ಳುತ್ತಾರೆ. ಶಾಹಿನಾಳಿಗೂ ಸಾಕಾಗಿದೆ, ಒಮ್ಮೆ ಮುಗಿದರೆ ಸಾಕು ಅನ್ನಿಸುತ್ತದೆ. ಆದರೂ ಪೊಲೀಸ್ ಹೇಳಿದ್ದನ್ನು ಹೇಳಿದಂತೆಯೇ ತಮ್ಮನಿಗೆ ಕೈಯಲ್ಲಿ ಮುಟ್ಟಿಸುತ್ತಾಳೆ.

ಫಸಲನ ಕೈಗಳು ಹೊರಗೆ ಬರುತ್ತವೆ. ತನ್ನ ಕೆನ್ನೆ, ತನ್ನ ಎದೆ, ಅಕ್ಕ, ಪೊಲೀಸ್. ಒಂದರ ಹಿಂದೆ ಒಂದು ತೋರಿಸುತ್ತವೆ, ತಡೆಯಲಾಗದ ಸಿಟ್ಟಿನಲ್ಲಿ. ಶಾಹಿನಾ ಅದನ್ನೇ ಗಟ್ಟಿ ದನಿಯಲ್ಲಿ ಹೇಳುತ್ತಾಳೆ: "ಪೆಟ್ಟು ತಿಂದದ್ದು ನಾನು. ಅವಳ ಹತ್ತಿರ ಎಂತಕ್ಕೆ ಹೇಳುವುದು? ನನ್ನ ಮುಖ ನೋಡಿ ಹೇಳಲಿ."

ಅಧಿಕಾರಿಯ ಹುಬ್ಬು ಗಂಟಿಕ್ಕುತ್ತದೆ. "ಇದು ನಿಮ್ಮ ಮಾತಲ್ಲವಾ?"

"ನನ್ನದಾಗಿದ್ದರೆ ಆಗಲೇ ಮುಗಿಸುತ್ತಿದ್ದೆ ಸಾರ್" ಎನ್ನುತ್ತಾಳೆ ಶಾಹಿನಾ. "ಬಾಯಿ ಮಾತ್ರ ನನ್ನದು. ಮಾತು ಅವನದ್ದು."