ಬಾಳೆಕಾಯಿ ಸಿಪ್ಪೆಯ ಬೂದಿ ಹಿಡಿದು ಸುಳ್ಯಕ್ಕೆ

ಪುತ್ತೂರಿನಿಂದ ಬೆಳಿಗ್ಗೆ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಆಧಾರ್ ಕಾರ್ಡು, ನೀರಿನ ಬಾಟಲಿ ಮತ್ತು ಖಾಲಿ ಬಿಸ್ಕತ್ತಿನ ಡಬ್ಬಿ ಇದ್ದವು. ಜೊತೆಗೆ ತಂಗಿಯ ಮಗಳು ಶ್ರದ್ಧಾ. ಸೊನ್ನೆ ರೂಪಾಯಿಯ ಎರಡು ಟಿಕೆಟ್ ಕೊಟ್ಟ ಕಂಡಕ್ಟರ್ ತೆರೆದ ಚೀಲದೊಳಗೆ ನೋಡಿ, "ಡಬ್ಬಿಯಲ್ಲಿ ಎಂತ ತರ್ಲಿಕ್ಕೆ ಅಕ್ಕ?" ಎಂದರು.

"ಬೂದಿ."

ಅವರ ಮುಖ ಬಾಡಿತು. "ಯಾರದ್ದು?"

"ಬಾಳೆಕಾಯಿ ಸಿಪ್ಪೆಯದ್ದು" ಎಂದೆ. ಶ್ರದ್ಧಾ ಕಿಟಕಿಯ ಕಡೆ ತಿರುಗಿ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು.

ಅವಳು ಸುಳ್ಯದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಾಳೆ. ಮದ್ದಿನ ತಯಾರಿಕೆಗೆ ಬೇಕಾಗುವ ಸಂಯುಕ್ತಗಳನ್ನು ವಿಷದ ದ್ರಾವಕ, ದುಬಾರಿ ಲೋಹ ಇಲ್ಲದೆ ಮಾಡುವುದು ಅವಳ ಆಸೆ. ಅದಕ್ಕೆ ವೇಗವರ್ಧಕವಾಗಿ ಹಿಡಿದದ್ದು ಬೂದಿ ನೆನೆಸಿ ಸೋಸಿದ ನೀರನ್ನು. "ಮದುವೆ ದಲ್ಲಾಳಿ ಹಾಗೆ ದೊಡ್ಡಮ್ಮ. ಎರಡು ಕಡೆಯವರನ್ನು ಸೇರಿಸ್ತಾನೆ, ತಾನು ಮದುವೆ ಆಗುದಿಲ್ಲ" ಎಂದು ನನಗೆ ವಿವರಿಸಿದ್ದಳು.

ಕಡಬದಲ್ಲಿ ನೇಂದ್ರ ಬಾಳೆಕಾಯಿಯ ಚಿಪ್ಸ್ ಮಾಡುವ ಜಲಜಕ್ಕನನ್ನು ಪರಿಚಯಿಸಿದ್ದು ನಾನೇ. ಮೊದಲ ಸಲ ಶ್ರದ್ಧಾ ಅವರು ಸಿಪ್ಪೆ ಸುಡುವ ಡ್ರಮ್ಮಿನಿಂದ ತಾನೇ ತೆಗೆದ ಬೂದಿ ಚೆನ್ನಾಗಿ ಕೆಲಸ ಮಾಡಿತ್ತು. ಆಮೇಲೆ ಜಲಜಕ್ಕ ಬಸ್ಸಿನಲ್ಲಿ ಕಳಿಸಿದ ಪೊಟ್ಟಣಗಳಿಂದ ಏನೂ ಆಗಲಿಲ್ಲ. ಅದೇ ಫಲಿತಾಂಶ ಮತ್ತೆ ಬಾರದಿದ್ದರೆ ಪ್ರಬಂಧದ ಆ ಅಧ್ಯಾಯವನ್ನೇ ಬಿಡಬೇಕೆಂದು ಮಾರ್ಗದರ್ಶಕರು ಹೇಳಿಬಿಟ್ಟಿದ್ದರು. ಅದಕ್ಕೇ ಈ ಸಲ ಬೂದಿ ತರಲು ನಾವೇ ಹೊರಟದ್ದು.

ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸುವಾಗ ಬನ್ಸ್ ತಿಂದೆವು. ಬಿಸಿಲು ಆಗಲೇ ಚುರುಕಾಗಿತ್ತು. ಶ್ರದ್ಧಾ ಅರ್ಧ ಬನ್ಸ್ ತಟ್ಟೆಯಲ್ಲೇ ಬಿಟ್ಟಳು.

ಕಡಬದ ಪೇಟೆಯಿಂದ ಜಲಜಕ್ಕನ ಮನೆಗೆ ನಡೆಯುವಷ್ಟೇ ದೂರ. ತೆಂಗಿನೆಣ್ಣೆಯ ಪರಿಮಳ ದಾರಿಗೇ ಬಂದಿತ್ತು. "ಬನ್ನಿ ಬನ್ನಿ ವಿಮಲಕ್ಕ! ಈ ಕೂಸು ಎಂತ ಇಷ್ಟು ಸೊರಗಿದ್ದು? ಕಾಲೇಜಿನಲ್ಲಿ ಊಟ ಇಲ್ವಾ?" ಎಂದು ಜಲಜಕ್ಕ ಬಿಸಿ ಚಿಪ್ಸ್ ಮುಂದಿಟ್ಟರು.

ಕೈ ತೊಳೆಯಲು ಹಿತ್ತಿಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಾಲು ಜಾರಿ ಗೋಡೆ ಹಿಡಿದುಕೊಂಡೆ. ಸೋಪಿನ ನೊರೆ ಕಾಣಲಿಲ್ಲ, ಪರಿಮಳವೂ ಇಲ್ಲ. ನೀರು ಮುಟ್ಟಿದರೆ ಬೆರಳು ಮಾತ್ರ ಜಾರುತ್ತಿತ್ತು. ಪಕ್ಕದಲ್ಲಿ ಬಿಳಿ ಪಂಚೆಯ ಮೇಲೆ ನುಣ್ಣನೆಯ ಬೂದಿಯನ್ನು ಹಪ್ಪಳದ ಹಾಗೆ ಒಣಗಲು ಹರಡಿದ್ದರು.

"ಜಲಜಕ್ಕ, ಇಲ್ಲಿ ಎಂತ ಚೆಲ್ಲಿದ್ದು?"

"ಬೂದಿ ತೊಳೆದ ನೀರು. ಮೂರು ನೀರಿನಲ್ಲಿ ತೊಳೆದೇ ನಾನು ಕಳಿಸುದು. ಮದ್ದಿಗೆ ಅಲ್ವಾ? ಕೊಳೆ ಹೇಗೆ ಕೊಡುದು ಮಾರಾಯ್ರೆ!"

ಬಾಗಿಲಲ್ಲಿ ನಿಂತಿದ್ದ ಶ್ರದ್ಧಾ ತಲೆಗೆ ಕೈ ಹಚ್ಚಿದಳು. ಕೆಲಸ ಮಾಡುವ ಕ್ಷಾರವೆಲ್ಲ ನೀರಿನಲ್ಲಿ ಕರಗಿ ಆ ಕಲ್ಲಿನ ಮೇಲೆ ಹರಿದುಹೋಗಿತ್ತು. ವಿಷಯ ತಿಳಿದಾಗ ಜಲಜಕ್ಕನ ಕಣ್ಣು ತುಂಬಿತು. "ಅಯ್ಯೋ, ನಾನೇ ಹಾಳು ಮಾಡಿದ್ದಾ?"

"ಇಲ್ಲ ಅಕ್ಕ" ಎಂದು ಶ್ರದ್ಧಾ ಅವರ ಎರಡೂ ಕೈ ಹಿಡಿದಳು. "ಇದನ್ನು ಸಹ ಒಂದು ಪೊಟ್ಟಣ ಕೊಡಿ. ತೊಳೆದದ್ದು, ತೊಳೆಯದ್ದು ಎರಡೂ ಬೇಕು ನನಗೆ." ಬಿಸ್ಕತ್ತಿನ ಡಬ್ಬಿಗೆ ಡ್ರಮ್ಮಿನ ಕಪ್ಪು ಬೂದಿಯನ್ನು ತುಂಬಿಕೊಂಡಳು.

ಸುಬ್ರಹ್ಮಣ್ಯದ ದಾರಿಯಾಗಿ ಸುಳ್ಯಕ್ಕೆ ಬಂದೆವು. ಯಾತ್ರಿಕರ ಗದ್ದಲದಲ್ಲೂ ಶ್ರದ್ಧಾ ಡಬ್ಬಿಯನ್ನು ಮಡಿಲಿನಿಂದ ಇಳಿಸಲಿಲ್ಲ. ನಾನು ಕಲಿತ ಕಾನ್ವೆಂಟಿನ ಲ್ಯಾಬಿಗೆ ಕೊಳೆತ ಮೊಟ್ಟೆಯ ವಾಸನೆಯಿತ್ತು. ಇವಳ ಲ್ಯಾಬಿಗೆ ನಮ್ಮ ಅಡುಗೆಮನೆಯಷ್ಟೂ ವಾಸನೆಯಿಲ್ಲ, ಒಲೆಯೂ ಉರಿಯುತ್ತಿರಲಿಲ್ಲ. ಎರಡು ಗಾಜಿನ ಪಾತ್ರೆಗಳಲ್ಲಿ ಎರಡು ಬೂದಿಯ ತಿಳಿನೀರು ಹಾಕಿ, ಎರಡಕ್ಕೂ ಒಂದೇ ಸಾಮಾನು ಬೆರೆಸಿ, ಕಲಕುವ ಯಂತ್ರದ ಮೇಲೆ ತಿರುಗಲು ಬಿಟ್ಟಳು. ನಾನು ಸ್ಟೂಲಿನ ಮೇಲೆ ಕುಳಿತು ಕಣ್ಣು ಮಿಟುಕಿಸದೆ ನೋಡಿದೆ.

ತೊಳೆದ ಬೂದಿಯ ಪಾತ್ರೆ ಇದ್ದ ಹಾಗೇ ಇತ್ತು. ಇನ್ನೊಂದು ಮೆಲ್ಲಗೆ ಮಸುಕಾಗಿ, ಹಾಲು ಒಡೆದ ಹಾಗೆ ಹಳದಿ ಹರಳು ಕೆಳಗೆ ಕೂತಿತು. ಒಂದು ತೊಟ್ಟನ್ನು ಸಣ್ಣ ಫಲಕಕ್ಕೆ ಹಾಕಿ ಪರೀಕ್ಷಿಸಿ ಶ್ರದ್ಧಾ ಹೇಳಿದಳು: "ಬಂತು ದೊಡ್ಡಮ್ಮ. ಅದೇ ಬಂತು." ಮತ್ತೆ ಆ ಸುಮ್ಮನಿದ್ದ ಪಾತ್ರೆಯನ್ನು ಮುಟ್ಟಿ, "ಕೆಲಸ ಮಾಡಿದ್ದು ಕ್ಷಾರವೇ ಅಂತ ಹೇಳ್ಲಿಕ್ಕೆ ಇದೇ ಬೇಕಿತ್ತು" ಎಂದಳು.

ಪುತ್ತೂರಿನ ಬಸ್ಸಿನಲ್ಲಿ ಕುಳಿತು ಜಲಜಕ್ಕನಿಗೆ ಫೋನು ಮಾಡಿದೆ. ಅವರು, "ದೇವರು ದೊಡ್ಡವ. ಆದ್ರೆ ಇನ್ನು ಕಳಿಸುವ ಡಬ್ಬಿಯನ್ನಾದರೂ ತೊಳೀಬಹುದಲ್ಲ?" ಎಂದರು.

ಕಿಟಕಿಯಾಚೆ ನಿಂತಿದ್ದ ಶ್ರದ್ಧಾಳನ್ನು ಕೇಳಿದೆ. ಅವಳು ಖಾಲಿ ಡಬ್ಬಿಯನ್ನು ನನ್ನ ಕೈಗಿಟ್ಟು, "ಡಬ್ಬಿ ಎಷ್ಟು ಬೇಕಾದ್ರೂ ತೊಳೀಲಿ" ಎಂದು ನಕ್ಕಳು. ಬಸ್ಸು ತಿರುಗುವವರೆಗೂ ಆ ನಗು ಕಾಣುತ್ತಿತ್ತು.