ಅಪ್ಪ ಊದಿದ ಐದನೇ ಫೌಲು

ನೀರು ಬಿದ್ದ ಸುಣ್ಣದ ವಾಸನೆ ಎಲ್ಲಿ ಬಂದರೂ ನನಗೆ ದೀಪಾವಳಿ ಮುಗಿದ ವಾರ ನೆನಪಾಗುತ್ತದೆ. ಗಂಗಾನಗರದ ನಮ್ಮ ಮನೆಯ ಹಿತ್ತಲಲ್ಲಿ ಅಪ್ಪ ಹಳೆಯ ಬಕೆಟ್ಟಿನಲ್ಲಿ ಸುಣ್ಣ ಕಲಸಿ, ಅದನ್ನು ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿಕೊಂಡು, ಚೆಲ್ಲದಂತೆ ನಿಧಾನವಾಗಿ ತುಳಿಯುತ್ತ ಯಶವಂತಪುರದ ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ಹೋಗುತ್ತಿದ್ದರು. ಅಲ್ಲಿನ ಮಣ್ಣಿನ ನೆಲದ ಮೇಲೆ ಅವರೇ ಗೆರೆ ಎಳೆಯಬೇಕು. ಬೇರೆಯವರು ಎಳೆದರೆ ಸೊಟ್ಟ ಎನ್ನುತ್ತಿದ್ದರು. ಹಗಲು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಲೀಗ್ ಶುರುವಾದರೆ ರೆಫರಿ. ಅಮ್ಮ ಅವರ ಬಿಳಿ ಪ್ಯಾಂಟನ್ನು ನೀಲಿಯಲ್ಲಿ ಅದ್ದಿ ಒಣಗಿಸಿದಳೆಂದರೆ ನಮ್ಮ ಮನೆಗೆ ಆಟದ ಕಾಲ ಬಂತೆಂದು ಲೆಕ್ಕ. ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳನ್ನು ಕಂಡವರಿಗೆ ಗೊತ್ತಿರುತ್ತದೆ, ಆಗ ಕಾರ್ಖಾನೆಗಳೂ ಬ್ಯಾಂಕುಗಳೂ ಸಂಬಳ ಕೊಟ್ಟು ಆಟಗಾರರನ್ನು ಇಟ್ಟುಕೊಳ್ಳುತ್ತಿದ್ದವು. ಶಿವರಾತ್ರಿಯವರೆಗೆ ಭಾನುವಾರ ಬಂತೆಂದರೆ ಆ ಅಂಗಳದ ಸುತ್ತ ಕಾಲಿಡಲು ಜಾಗವಿರುತ್ತಿರಲಿಲ್ಲ.

ಮುನಿರಾಜಣ್ಣ ನಮ್ಮ ಹಿತ್ತಲ ಕೋಣೆಗೆ ಬಾಡಿಗೆಗೆ ಬಂದದ್ದು ಅಂಥ ಒಂದು ಸೀಸನ್ನಿನ ಶುರುವಿನಲ್ಲಿ. ಹುಣಸಮಾರನಹಳ್ಳಿಯ ದ್ರಾಕ್ಷಿ ತೋಟದವರ ಮಗ, ತುಂಬಾ ಎತ್ತರದ ಆಳು. ಪಂಪು ತಯಾರಿಸುವ ಒಂದು ಕಾರ್ಖಾನೆ ಅವನನ್ನು ಆಟಕ್ಕೆಂದೇ ಟೆಂಪರರಿಯಾಗಿ ಸೇರಿಸಿಕೊಂಡಿತ್ತು. ಕಪ್ ಗೆದ್ದರೆ ಪರ್ಮನೆಂಟ್ ಮಾಡುತ್ತೇವೆ ಎಂದು ಮ್ಯಾನೇಜರು ಮಾತು ಕೊಟ್ಟಿದ್ದರಂತೆ. ಅನ್ನವನ್ನೇ ಉಂಡು ಬೆಳೆದ ನಮ್ಮಮ್ಮನಿಗೆ ಮುದ್ದೆ ತೊಳಸಲು ಕಲಿಸಿದವನು ಅವನೇ. ಅಡುಗೆಮನೆಯ ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು, "ಇನ್ನೊಂಚೂರು ತಿರುವಕ್ಕ, ಗಂಟು ಉಳ್ಕೊಂಡದೆ" ಎನ್ನುತ್ತಿದ್ದ. ಮೊದಲ ಸೀಸನ್ನಿನಲ್ಲಿ ಅವನ ತಂಡ ಕೆಳಗಿನ ಸಾಲಿನಲ್ಲೇ ಉಳಿಯಿತು. ಸೋತು ಬಂದ ಸಂಜೆಗಳಲ್ಲಿ ಅಪ್ಪ ಹಿತ್ತಲ ಕಲ್ಲಿನ ಮೇಲೆ ಕೂತು, ರಿಂಗಿಗೆ ಬಡಿದು ಚಿಮ್ಮಿದ ಚೆಂಡು ಎಲ್ಲಿ ನಿಂತರೆ ಸಿಗುತ್ತದೆ, ಯಾವಾಗ ಹಾರಬಾರದು ಎಂದು ಅವನಿಗೆ ಹೇಳಿಕೊಡುತ್ತಿದ್ದರು. ಗಂಡುಮಗನಿಲ್ಲದ ಅಪ್ಪನ ದನಿಯಲ್ಲಿ ಆಗ ಬೇರೆಯೇ ಒಂದು ಮೆದುತನವಿರುತ್ತಿತ್ತು. ಹತ್ತು ವರ್ಷದ ನನಗೂ ಅದು ತಿಳಿಯುತ್ತಿತ್ತು.

ಎರಡನೇ ಸೀಸನ್ನಿನಲ್ಲಿ ತಂಡ ಮೂರನೇ ಜಾಗಕ್ಕೆ ಏರಿತು. ಮುನಿರಾಜಣ್ಣನ ಹೆಸರು ಹೆಬ್ಬಾಳದ ಹೋಟೆಲುಗಳವರೆಗೂ ಹಬ್ಬಿತು, ಜೊತೆಗೆ ಇನ್ನೊಂದು ಮಾತೂ ಹಬ್ಬಿತು. ಒಂದು ಭಾನುವಾರ ಬ್ಯಾಂಕಿನ ತಂಡದ ಕಡೆಯವನೊಬ್ಬ ಗೆರೆಯಾಚೆಯಿಂದ ಕೂಗಿದ: "ಏನ್ ಸಾರ್, ನಿಮ್ ಮನೆ ಹುಡ್ಗನಿಗೆ ಫೌಲ್ ಇಲ್ವಾ?" ಜನ ನಕ್ಕರು. ಅಪ್ಪನ ಕಿವಿ ಕೆಂಪಾದದ್ದು ನಾನು ಕೂತ ಜಾಗಕ್ಕೂ ಕಂಡಿತು. ಅಂದು ಅವರು ಊಟಕ್ಕೆ ಏಳಲಿಲ್ಲ.

"ಅವನ ಮ್ಯಾಚಿಗೆ ನೀವು ಹೋಗ್ಬೇಡಿ, ಬೇರೆಯವರು ಊದ್ಲಿ" ಎಂದಳು ಅಮ್ಮ.

"ಹೋಗ್ದೇ ಇದ್ರೆ ಅವ್ರು ಅಂದಿದ್ದು ನಿಜ ಅಂತ ಒಪ್ಕೊಂಡಂಗೆ ಆಗುತ್ತೆ ಕಣೆ" ಎಂದು ಅಪ್ಪ ಗೋಡೆ ಕಡೆ ತಿರುಗಿಕೊಂಡರು. ಅಲ್ಲಿಂದ ಮುಂದೆ ಹಿತ್ತಲ ಪಾಠ ನಿಂತುಹೋಯಿತು. ಮುನಿರಾಜಣ್ಣ ಕಾರಣ ಕೇಳಲಿಲ್ಲ.

ಮೂರನೇ ಸೀಸನ್ನಿನಲ್ಲಿ ಮುನಿರಾಜಣ್ಣನ ತಂಡ ಫೈನಲ್ ತಲುಪಿತು. ಎದುರಿಗೆ ಅದೇ ಬ್ಯಾಂಕಿನ ತಂಡ, ನಡುವೆ ಸೀಟಿ ಹಿಡಿದ ಅಪ್ಪ. ನಾನು ರಿಂಗಿನ ಕಂಬದ ಬುಡದಲ್ಲಿ ಕೂತಿದ್ದೆ. ಆಟ ಮುಗಿಯುವ ಹೊತ್ತಿಗೆ ನಮ್ಮವರು ಒಂದು ಪಾಯಿಂಟು ಮುಂದಿದ್ದರು. ಮುನಿರಾಜಣ್ಣನ ಮೇಲೆ ಆಗಲೇ ನಾಲ್ಕು ಫೌಲು, ಐದಾದರೆ ಆಚೆ. ಬ್ಯಾಂಕಿನವನೊಬ್ಬ ಚೆಂಡು ಹಿಡಿದು ರಿಂಗಿನತ್ತ ಹಾರಿದ. ಮುನಿರಾಜಣ್ಣನೂ ಹಾರಿದ. ಚೆಂಡಿನ ಮೇಲೆ ಅಂಗೈ ಬಿದ್ದ ಸದ್ದು ನನ್ನ ತಲೆಯ ಮೇಲೆಯೇ ಕೇಳಿತು, ಅಷ್ಟು ಚೊಕ್ಕವಾಗಿ, ಬೇರೇನೂ ತಾಗದ ಹಾಗೆ. ಆಮೇಲೆ ಸೀಟಿ ಕೇಳಿತು. ಅಪ್ಪ ಕೈ ಎತ್ತಿ ಐದು ಬೆರಳು ತೋರಿಸುತ್ತಿದ್ದರು. ಮುನಿರಾಜಣ್ಣ ಒಂದು ಗಳಿಗೆ ಅವರ ಮುಖವನ್ನೇ ನೋಡಿ ಹೊರಗೆ ನಡೆದ. ಆ ಫೌಲಿಗೆ ಸಿಕ್ಕ ಎರಡು ಫ್ರೀ ಥ್ರೋಗಳನ್ನೂ ಬ್ಯಾಂಕಿನವನು ರಿಂಗಿನೊಳಗೆ ಹಾಕಿದ, ಕಪ್ ಅವರ ಪಾಲಾಯಿತು.

ಜನ ಅಪ್ಪನನ್ನು ಸುತ್ತುವರಿದು ಕೈಕುಲುಕಿದರು. ಮನೆಯ ಹುಡುಗನನ್ನೂ ಬಿಡಲಿಲ್ಲ, ಇದ್ದರೆ ಇಂಥ ರೆಫರಿ ಇರಬೇಕು ಎಂದರು. ನಮ್ಮ ಬೀದಿಯಲ್ಲಿ ಆ ಹೊಗಳಿಕೆ ತಿಂಗಳುಗಟ್ಟಲೆ ನಡೆಯಿತು. ನನ್ನ ಶಾಲೆಯ ಮೇಷ್ಟರು ಕೂಡ ಅದನ್ನು ತರಗತಿಯಲ್ಲಿ ಹೇಳಿದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅಪ್ಪ ತಲೆ ತಗ್ಗಿಸುತ್ತಿದ್ದರು. ಜನ ಅದನ್ನು ವಿನಯ ಎಂದುಕೊಂಡರು. ಫೈನಲ್ ಆಗಿ ಒಂದು ತಿಂಗಳಿಗೆ ಕಾರ್ಖಾನೆ ಮುನಿರಾಜಣ್ಣನನ್ನು ಕೈಬಿಟ್ಟಿತು. ಟ್ರಂಕು ಹೊರಗಿಟ್ಟು ಅಪ್ಪನ ಕಾಲು ಮುಟ್ಟಿ, "ಓಗ್ಬರ್ತೀನಿ ಸಾ" ಎಂದ. ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು.

ಮುಂದಿನ ಸೀಸನ್ನಿಗೆ ಕರೆಯಲು ಬಂದವರಿಗೆ ಅಪ್ಪ ಮಂಡಿನೋವು ಎಂದರು. ಅದರ ಮರುವರ್ಷ ಪಂಪು ಕಾರ್ಖಾನೆ ತಂಡವನ್ನೇ ಮುಚ್ಚಿತು. ಆಮೇಲೆ ಇನ್ನೊಂದು, ಮತ್ತೊಂದು. ಬ್ಯಾಂಕಿನವರಿಗೆ ಎದುರಾಳಿಗಳೇ ಇಲ್ಲದಂತಾಗಿ, ಎಂಬತ್ತರ ದಶಕದ ನಡುವೆ ಒಂದು ದೀಪಾವಳಿ ಕಳೆದರೂ ಲೀಗಿನ ಸುದ್ದಿಯೇ ಬರಲಿಲ್ಲ. ಯಾರೂ ವಿಚಾರಿಸಲೂ ಇಲ್ಲ. ಅಂಗಳದಲ್ಲಿ ಲಾರಿಗಳು ನಿಂತವು. ನಮ್ಮ ಮನೆಯಲ್ಲಿ ಮುದ್ದೆ ಮಾಡುವುದೂ ನಿಂತಿತ್ತು.

ಊರಿಗೆ ಮರಳಿ ತೋಟ ನೋಡಿಕೊಳ್ಳುತ್ತಿದ್ದ ಮುನಿರಾಜಣ್ಣ ಮಾತ್ರ ಪ್ರತಿ ಬೇಸಿಗೆಯ ಹೊಸ್ತಿಲಲ್ಲಿ ಒಂದು ಬುಟ್ಟಿ ದ್ರಾಕ್ಷಿ ಹೊತ್ತು ಬರುತ್ತಿದ್ದ. ಅವನ ದನಿ ಕೇಳಿದರೆ ಅಪ್ಪ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಒಂದು ಹಣ್ಣನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ನಾನು ಕಾಲೇಜು ಸೇರಿದ ವರ್ಷ ಅಮ್ಮನಿಗೆ ತಡೆಯಲಾಗಲಿಲ್ಲ. "ಇನ್ನೂ ಎಷ್ಟು ವರ್ಷ ಹಿಂಗೇ ಬಚ್ಚಿಟ್ಕೋತೀರಿ? ಹೋಗಿ ಅವನ ಎದುರಿಗೆ ಕೂತ್ಕೊಳ್ಳಿ" ಎಂದು ಗದರಿದಳು. ಅಪ್ಪ ಬಂದು ಕೂತರು. ನೆಲ ನೋಡುತ್ತ ಹೇಳಿದರು:

"ಮುನಿರಾಜು, ಅವತ್ತು ನಿನ್ ಕೈ ಅವನಿಗೆ ತಾಗಿರ್ಲಿಲ್ಲ."

"ಗೊತ್ತು ಸಾ."

"ಜನ ಏನಂತಾರೋ ಅಂತ ಊದ್ಬಿಟ್ಟೆ ಕಣಯ್ಯ."

"ಅದೂ ಗೊತ್ತು." ಮುನಿರಾಜಣ್ಣ ಕಾಫಿ ಲೋಟ ಕೆಳಗಿಟ್ಟ. "ಒಂದ್ ಮಾತ್ ಏಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಾನ್ ಊರಿಗ್ ಓಗಿದ್ದು ಕೆಲ್ಸ ಓಯ್ತು ಅಂತ ಅಲ್ಲ. ಬೇರೆ ಕಡೆ ಕರೆದಿದ್ರು. ಅವತ್ ಸಂಜೆ ನೀವು ನನ್ ರೂಮಿಗ್ ಬಂದು, ಇಂಗಾಯ್ತು ಕಣೋ ಅಂದಿದ್ರೆ ಸಾಕಾಗಿತ್ತು. ತಿಂಗ್ಳೆಲ್ಲ ಕಾದೆ ಸಾ."

ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಲೇ ಇದ್ದರು. ಆಮೇಲಿನ ಬೇಸಿಗೆಗಳಲ್ಲಿ ಅವರಿಬ್ಬರೂ ಜಗಲಿಯಲ್ಲಿ ಕೂತು ಮಳೆಯ ವಿಷಯ, ಬೋರ್‌ವೆಲ್ಲಿನ ವಿಷಯ ಮಾತಾಡುತ್ತಿದ್ದರು. ಆಟದ ಮಾತು ಮತ್ತೆ ಬರಲಿಲ್ಲ. ಆ ಕಾದ ತಿಂಗಳನ್ನು ತುಂಬಿಕೊಡಲು ಅಪ್ಪನ ಹತ್ತಿರ ಏನೂ ಇರಲಿಲ್ಲ. ಅವರಿಗೆ ಅದು ಗೊತ್ತಿತ್ತೆಂದು ಅವರನ್ನು ಕೊನೆಯವರೆಗೂ ನೋಡಿದ ನನಗೆ ಗೊತ್ತು.

ಅಪ್ಪ ತೀರಿಕೊಂಡ ಬೆಳಿಗ್ಗೆ ಮುನಿರಾಜಣ್ಣ ಯಾರೂ ಕೇಳುವ ಮೊದಲೇ ಚಟ್ಟದ ಮುಂದಿನ ತುದಿಗೆ ಹೆಗಲು ಕೊಟ್ಟ. ಉಳಿದ ಮೂವರು ಅವನ ಎದೆಯೆತ್ತರಕ್ಕಿದ್ದರು. ಎತ್ತಿದೊಡನೆ ಚಟ್ಟ ಒಂದು ಕಡೆಗೆ ವಾಲಿತು. ಅವನು ಮಂಡಿ ಮಡಿಸಿ, ಬೆನ್ನು ಬಗ್ಗಿಸಿ ಅದನ್ನು ಸಮ ಮಾಡಿಕೊಂಡು ನಡೆದ. ನಾನೂ ಅಮ್ಮನೂ ಗೇಟಿನ ಹತ್ತಿರ ನಿಂತು, ಬೀದಿಯ ತಿರುವಿನವರೆಗೂ ನೋಡಿದೆವು. ಅವನು ಒಮ್ಮೆಯೂ ಬೆನ್ನು ನೆಟ್ಟಗೆ ಮಾಡಲಿಲ್ಲ.