ವೈಜಯಂತಿ ಒತ್ತಿಸಿದ ಉತ್ತರಗಳು

ಬೆಲೆಕೇರಿಯ ವೈಜಯಂತಿ ಮೀನುಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಬರತೊಡಗಿ ಹತ್ತೊಂಬತ್ತು ವರ್ಷವಾಯಿತು ನೋಡಿ. ಬುಟ್ಟಿ ಹತ್ತಿಸಬೇಡ ಅಂದ ಕಂಡಕ್ಟರನನ್ನು ಅವನದೇ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅಂಕೋಲೆ ಸ್ಟ್ಯಾಂಡ್ ಬರುವ ತನಕ ಬೈದವಳು. ಅಂಥವಳ ಕೈಕಾಲು ತಣ್ಣಗಾದದ್ದು ಶಾಲೆಯಿಂದ ಬಂದ ಒಂದು ಚೀಟಿಗೆ.

ಚೀಟಿ ಬಂದದ್ದು ಮಗ ಸಂದೇಶನ ಸಲುವಾಗಿ. ಒಂಬತ್ತನೇ ತರಗತಿ. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಮೊಟಕು. ಎದುರು ನಿಂತವರ ಮುಖ ಬಿಟ್ಟು ಅಂಗಿಯ ಗುಂಡಿ ನೋಡಿ ಮಾತಾಡುವ ಹುಡುಗ. ಜೋರು ಗಾಳಿ ಎದ್ದ ಒಂದು ದಿನ ಅವನ ಪಕ್ಕ ಕೂರುವ ಹುಡುಗನ ಅಪ್ಪನ ದೋಣಿ ದಡಕ್ಕೆ ಬಂದಿರಲಿಲ್ಲ. ಎಲ್ಲರೂ "ಬತ್ರು ಬಿಡಾ" ಎಂದು ಸಮಾಧಾನ ಮಾಡುತ್ತಿದ್ದರೆ ಸಂದೇಶ, "ಈ ಗಾಳಿಗೆ ಆ ದೋಣಿ ಉಳಿಯೂದಿಲ್ಲ" ಅಂದುಬಿಟ್ಟ. ಅಪ್ಪನೇನೋ ಮರುದಿನ ಬಂದ, ಆಡಿದ ಮಾತು ಹಾಗೇ ಉಳಿಯಿತು. ಹೊಡೆದಾಟವಾಯಿತು. ಮಾಸ್ತರರು ವೈಜಯಂತಿಯನ್ನು ಕರೆಸಿದರು. ಬೇರೆಯವರ ಮನಸ್ಸಿನಲ್ಲಿ ಏನಿದೆ ಅನ್ನುವುದು ಈ ವಯಸ್ಸಿನ ಹುಡುಗರಿಗೆ ಎಷ್ಟು ತಿಳಿಯುತ್ತದೆ ಎಂದು ಕಾರವಾರದಲ್ಲಿ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡುತ್ತಾರಂತೆ. ಮಾಡಿಸಿಕೊಂಡು ಬಾ, ಅದನ್ನು ನೋಡಿ ಮುಂದಿನ ವಿಚಾರ ಎಂದರು.

ಮುಂದಿನ ವಿಚಾರ ಏನೆಂದು ಕೇಳಲು ಗಂಡ ಕುಪ್ಪ ಹತ್ತಿರವಿರಲಿಲ್ಲ. ಆಳಸಮುದ್ರದ ಬೋಟಿನಲ್ಲಿದ್ದ, ಫೋನಿಗೂ ಸಿಗುತ್ತಿರಲಿಲ್ಲ. ಹೇಳಿದ್ದು ಅವಳ ಪಕ್ಕ ಕೂತು ಮೀನು ಮಾರುವ ಬೇಬಿ.

"ಕಂಪ್ಯೂಟರ್‌ನಲ್ಲಿ ಕಡಿಮೆ ಬಂತು ಅಂದ್ರೆ ಕಷ್ಟ ಮಾರಾಯ್ತಿ. ಶಾಲೆಯಿಂದ ತೆಗೀತ್ರು. ಆಮೇಲೆ ಸೀದಾ ಧಾರವಾಡ."

ಈ ಕಡೆಯವರ ಬಾಯಲ್ಲಿ ಧಾರವಾಡಕ್ಕೆ ಕಳಿಸುವುದೆಂದರೆ ಹುಚ್ಚಾಸ್ಪತ್ರೆಗೆ ಕಳಿಸುವುದು.

"ಬಾಯಿ ಮುಚ್ಚೆ. ನಿನ್ನ ಗಂಡನ್ನ ಕಳ್ಸು ಮೊದ್ಲು."

"ಅವ್ರನ್ನ ಅಲ್ಲಿಯವ್ರೂ ಇಟ್ಕಣೂದಿಲ್ಲ" ಎಂದು ಬೇಬಿ ನಕ್ಕಳು. ವೈಜಯಂತಿಗೆ ನಗು ಬರಲಿಲ್ಲ. ಆಮೇಲಿನ ಮೂರು ದಿನ, ಹುಡುಗ ಅಂಗಳದಲ್ಲಿ ಒಬ್ಬನೇ ಬಲೆಯ ಕಣ್ಣು ಎಣಿಸುತ್ತ ಕೂತರೆ, ಇದನ್ನು ಯಾರಾದರೂ ನೋಡಿದರೋ ಎಂದು ಬೇಲಿಯಾಚೆ ಇಣುಕುವಳು.

ಕಾರವಾರದಲ್ಲಿ ಪರೀಕ್ಷೆ ಮಾಡುವವಳು ನಮಿತಾ ಅಂತ, ಇನ್ನೂ ಚಿಕ್ಕ ವಯಸ್ಸು. ತಾಯಿ ಹೊರಗಿರಬೇಕು ಎಂದಳು. ಆಯಿ ಹೊರಗೆ ಹೋದರೆ ತಾನೂ ಹೋಗುವೆನೆಂದು ಸಂದೇಶ ಬಾಗಿಲು ಹಿಡಿದು ನಿಂತ.

"ಆಯ್ತು, ನೀವೂ ಕೂತ್ಕೊಳ್ಳಿ. ಆದ್ರೆ ಏನೂ ಹೇಳಿಕೊಡೋ ಹಾಗಿಲ್ಲ."

"ನಾ ತುಟಿ ಬಿಚ್ಚೂದಿಲ್ಲ ಅಕ್ಕೋರೆ."

ಬಿಚ್ಚಲೂ ಇಲ್ಲ. ಆದರೆ ದಡದಲ್ಲಿ ಮೀನು ಲಿಲಾವು ಆಗುವುದನ್ನು ನೋಡಿದವರಿಗೆ ಗೊತ್ತು: ಹರಾಜಿನಲ್ಲಿ ಎಷ್ಟಕ್ಕೆ ಕೂಗಬೇಕು ಎಂಬುದನ್ನು ಎದುರಿನವರಿಗೆ ತಿಳಿಯದಂತೆ ಮೊಣಕಾಲ ಮೇಲೆ ಬೆರಳು ಚಾಚಿ ಜೊತೆಯವರಿಗೆ ತೋರಿಸುತ್ತಾರೆ. ವೈಜಯಂತಿಯ ಬೆರಳು ನೋಡಿ ಕೂಗುತ್ತಿದ್ದವನು ಚಿಕ್ಕಂದಿನಿಂದಲೂ ಸಂದೇಶನೇ.

ಪರದೆಯ ಮೇಲೆ ಗೊಂಬೆಗಳ ಹಾಗಿನ ಮನುಷ್ಯರು ಬಂದರು. ಒಬ್ಬ ಹುಡುಗ ತಾನು ಮಾಡಿದ ಚಿತ್ರ ತೋರಿಸುತ್ತಾನೆ, ಗೆಳೆಯ ನಗುತ್ತ ಚೆನ್ನಾಗಿದೆ ಅನ್ನುತ್ತಾನೆ. ಗೆಳೆಯನ ಮನಸ್ಸಿನಲ್ಲಿ ಏನಿದೆ? ಒಂದು, ಮೆಚ್ಚುಗೆ. ಎರಡು, ಕೋಪ. ಮೂರು, ಹೆದರಿಕೆ. ನಾಲ್ಕು, ತಾತ್ಸಾರ. ಕಂಪ್ಯೂಟರೇ ಓದಿ ಹೇಳುತ್ತಿತ್ತು. ಸಂದೇಶನ ಕೈ ಗಾಳಿಯಲ್ಲಿ ನಿಂತಿತು. ನಮಿತಾ ಪರದೆಯ ಆಚೆ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದಳು. ವೈಜಯಂತಿಯ ಮೊಣಕಾಲ ಮೇಲೆ ನಾಲ್ಕು ಬೆರಳು ತಾವಾಗಿ ಚಾಚಿಕೊಂಡವು. ಹುಡುಗ ನಾಲ್ಕು ಒತ್ತಿದ.

ಹತ್ತೊಂಬತ್ತು ವರ್ಷ ಬುಟ್ಟಿಯ ಮುಂದೆ ಕೂತವಳ ತಿಳಿವಳಿಕೆ ಅದು. ಚೆನ್ನಾಗಿದೆ ಎಂದು ನಕ್ಕವರು ಯಾವತ್ತೂ ಮೀನು ಕೊಂಡದ್ದಿಲ್ಲ. ಮುಂದಿನ ಚಿತ್ರದಲ್ಲಿ ಒಬ್ಬ ಹೆಂಗಸು ಮುಖ ಸಿಂಡರಿಸಿ ತಟ್ಟೆ ದೂಡಿ ಬೇಡವೆಂದಳು. ಬೇಡ ಎಂದು ಮೂಗು ಮುರಿದವಳೇ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬರುವುದು. ವೈಜಯಂತಿ 'ಆಸೆ' ಎಂಬುದಕ್ಕೆ ಬೆರಳು ತೋರಿಸಿದಳು. ಹೀಗೆ ಕೊನೆಯ ತನಕ.

ಮುಗಿದಾಗ ಪರದೆಯಲ್ಲಿ ಒಂದು ಕೆಂಪು ಗೆರೆ ತೀರಾ ಕೆಳಗೆ ಬಂದು ನಿಂತಿತು. ನಮಿತಾ ಅದನ್ನು ಎರಡು ಸಲ ನೋಡಿದಳು.

"ಇಷ್ಟು ಕಡಿಮೆ ಬರ್ತದೆ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಅದೇ ಶಾಲೆಲಿ ಇವನಿಗೆ ಆಗ್ತದೋ ಇಲ್ವೋ, ದೊಡ್ಡ ಡಾಕ್ಟರ್ ಹತ್ರ ಮಾತಾಡ್ಬೇಕಾಗ್ತದೆ."

ವೈಜಯಂತಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಮಗ ಹೋದ. ನಿಜ ಹೇಳಿದರೆ? ಹಿಂದಿನ ವರ್ಷ ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗನನ್ನು ಡಿಬಾರ್ ಮಾಡಿದ್ದು ಅವಳಿಗೆ ಗೊತ್ತಿತ್ತು. ಆಗಲೂ ಮಗ ಹೋದ. ಎರಡೂ ಕಡೆ ಆಳ ನೀರು. ನಮಿತಾ ಕಾಗದದ ಮೇಲೆ ಪೆನ್ನು ಊರಿದಳು.

"ಬರೀಬೇಡಿ ಅಕ್ಕೋರೆ" ಎಂದಳು ವೈಜಯಂತಿ. ದನಿ ಅವಳದೇ ಅನ್ನಿಸಲಿಲ್ಲ. "ಅದು ಅವಂದಲ್ಲ. ಅಷ್ಟೂ ನಾನೇ ಹೇಳ್ಕೊಟ್ಟದ್ದು. ತೆಗಿಯೂದಿದ್ರೆ ನನ್ನ ತೆಗೀರಿ, ಎಲ್ಲಿಗೆ ಬೇಕಾದ್ರೂ ಕಳ್ಸಿ."

ಮೊಣಕಾಲ ಮೇಲೆ ಬೆರಳು ಇಟ್ಟು ತೋರಿಸಿದಳು. ನಮಿತಾ ಹುಡುಗನ ಕಡೆ ತಿರುಗಿದಳು.

"ಸಂದೇಶ, ಅವು ತಪ್ಪು ಅಂತ ನಿಂಗೆ ಅನ್ನಿಸ್ಲಿಲ್ವಾ?"

"ಕೆಲವು ಅನ್ನಿಸ್ತು" ಎಂದ ಅವನು, ಅವಳ ಪೆನ್ನು ನೋಡುತ್ತ.

"ಮತ್ತೆ ಯಾಕೆ ಒತ್ತಿದೆ?"

"ಆಯಿ ಹೆದರಿತ್ತು. ಕೈ ನಡಗ್ತಿತ್ತು. ನಾ ಬೇರೆ ಒತ್ತಿದ್ರೆ ಇನ್ನೂ ಹೆದರ್ತಿತ್ತು."

ನಮಿತಾ ಪೆನ್ನು ಕೆಳಗಿಟ್ಟಳು. ಇಲ್ಲಿ ಡಿಬಾರ್ ಗಿಬಾರ್ ಇಲ್ಲವೆಂದೂ, ಇವತ್ತಿನದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದೂ, ಬರುವ ಸೋಮವಾರ ಬೇರೆ ಪ್ರಶ್ನೆಗಳೊಂದಿಗೆ ಮತ್ತೆ ಮಾಡುವುದೆಂದೂ ಹೇಳಿದಳು. ಆಯಿ ಹೊರಗೆ.

ಸೋಮವಾರ ವೈಜಯಂತಿ ಹೊರಗಿನ ಬೆಂಚಿನ ಮೇಲೆ ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ಕೂತಳು. ಒಳಗಿನಿಂದ ಕಂಪ್ಯೂಟರಿನ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ದನಿ ನಿಂತು ಸದ್ದಿಲ್ಲದಾದಾಗಲೆಲ್ಲ ಹುಡುಗನ ಕೈ ಗಾಳಿಯಲ್ಲಿ ನಿಂತದ್ದು ಕಣ್ಣ ಮುಂದೆ ಬರುತ್ತಿತ್ತು. ಈ ಸಲ ತೋರಿಸಲು ಯಾರೂ ಇಲ್ಲ. ಈ ಸಲ ಬಂದದ್ದು ಅವನದೇ.

ಬಾಗಿಲು ತೆರೆಯಿತು.

"ಸುಳ್ಳು ಹೇಳೂದಿಲ್ಲ, ಕಷ್ಟ ಇದೆ" ಎಂದಳು ನಮಿತಾ. "ಮುಖ ನೋಡಿ ತಿಳ್ಕೊಳ್ಳೋದು ಅವನಿಗೆ ಬರೂದಿಲ್ಲ. ಯಾವ ಮಾತು ಯಾವಾಗ ನೋವು ಮಾಡ್ತದೆ ಅನ್ನೋದೂ ಕಲಿಸ್ಬೇಕು. ತಿಂಗಳಿಗೆ ಎರಡು ಸಲ ಇಲ್ಲಿಗೆ ಕರ್ಕೊಂಡು ಬನ್ನಿ."

"ಶಾಲೆ?"

"ಅದೇ ಶಾಲೆ. ಅದೇ ತರಗತಿ."

"ಧಾರವಾಡ ಬ್ಯಾಡ್ವಾ?"

"ಧಾರವಾಡ ಯಾಕೆ?" ಎಂದು ನಮಿತಾ ಕೇಳಿದಳು. ವೈಜಯಂತಿ ಶಾಲೆಗೆ ಕೊಡುವ ಕಾಗದವನ್ನು ಓದಿ ಹೇಳಿ ಎಂದಳು. ಇದೇ ತರಗತಿಯಲ್ಲಿ ಮುಂದುವರಿಯಬಹುದು ಎಂಬ ಸಾಲು ಬಂದಾಗ, ಅದನ್ನು ಇನ್ನೊಮ್ಮೆ ಓದಿ ಎಂದಳು. ನಮಿತಾ ಓದಿದಳು. ಆದರೂ ಬೆಂಚಿನಿಂದ ಏಳಲು ಕಾಲು ಬರಲಿಲ್ಲ.

ಸಂದೇಶ ಅವಳ ಕಾಲನ್ನೇ ನೋಡುತ್ತ ನಿಂತಿದ್ದ. ಕಾಗದ ಇಸಿದುಕೊಂಡು ಪಕ್ಕದಲ್ಲಿ ಕೂತು, ಆ ಸಾಲನ್ನು ಮೂರನೆಯ ಸಲ ತಾನೇ ಓದಿ ಹೇಳಿದ.